ಜೀಪಿನೊಳಗೆ ಮಲಗುವ ಹಲಗೆ, ಅದರಡಿ ಸಾಮಾನು: ಮಲೆನಾಡಿನ ತೇವಕ್ಕೆ ತಕ್ಕಂತೆ ಕಟ್ಟುವ ಕ್ರಮ

ಮಳೆ ಹಿಂದೆ ಸರಿದು ದಸರಾ ಹತ್ತಿರವಾಗುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮ್ಮ ಬೊಲೆರೊ ಹಿಂಭಾಗದಲ್ಲಿ ಇಬ್ಬರು ಮಲಗುವಂತೆ ಹಲಗೆ ಹಾಕಿಸಬೇಕು, ಕೆಳಗೆ ಸಾಮಾನು ಹಿಡಿಸಬೇಕು. ಎಷ್ಟು ದಪ್ಪದ ಪ್ಲೈವುಡ್ ತರಲಿ?’

ಪ್ಲೈವುಡ್ಡಿನ ದಪ್ಪ ಆಮೇಲಿನ ಮಾತು. ನೀವು ಮೊಬೈಲಿನಲ್ಲಿ ನೋಡಿ ಆಸೆಪಟ್ಟ ಗಾಡಿಗಳು ಬಹುತೇಕ ಒಣ ಹವೆಯ ನಾಡಿನವು. ಅಲ್ಲಿ ಕಪ್ಪು ಕಾರ್ಪೆಟ್ ಅಂಟಿಸಿದ ಉದ್ದುದ್ದ ಡ್ರಾಯರ್‌ಗಳು ವರ್ಷಗಟ್ಟಲೆ ಬಾಳುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತ ಅದನ್ನೇ ಮಾಡಿಸಿದರೆ ಶ್ರಾವಣ ಬರುವ ಹೊತ್ತಿಗೆ ಕಾರ್ಪೆಟ್ಟಿಗೆ ಬೂಸಲು, ಡ್ರಾಯರಿಗೆ ಬಿಗಿತ, ಹಾಸಿಗೆಗೆ ಮುಗ್ಗಲು ವಾಸನೆ. ಹಾಗಾಗಿ ಕೆಳಗಿನ ಎಲ್ಲ ಹಂತಗಳ ಹಿಂದೆಯೂ ನಾನು ಇಟ್ಟುಕೊಂಡಿರುವ ನಿಯಮ ಇದು: ಇಬ್ಬರು ಸೇರಿ ಅರ್ಧ ಗಂಟೆಯಲ್ಲಿ ಬಿಚ್ಚಿ, ಅಂಗಳಕ್ಕೆ ತಂದು ಒಣಗಿಸಲಾಗದ ಯಾವುದನ್ನೂ ಗಾಡಿಯೊಳಗೆ ಕಟ್ಟಬೇಡಿ.

ಇದಕ್ಕೆ ಕಾನೂನಿನ ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಬೀಳಬಹುದು. ಆಸನಗಳ ಸಂಖ್ಯೆ ನೋಂದಣಿ ಪತ್ರದಲ್ಲಿ ಬರೆದಿರುತ್ತದೆ. ಆದ್ದರಿಂದ ವೆಲ್ಡಿಂಗ್ ಬೇಡ, ಬಾಡಿ ಕೊರೆಯುವುದು ಬೇಡ. ಆಸನವನ್ನು ಮಡಿಚಿ ಕೆಲಸ ಸಾಗುವುದಾದರೆ ಮಡಿಚಿಯೇ ಮಾಡಿ. ಬೊಲೆರೊದ ಹಿಂದಿನ ಎದುರು-ಬದುರು ಸೀಟುಗಳಂತೆ, ಮಡಿಚಿದರೂ ಜಾಗ ತಿನ್ನುವಂಥವನ್ನು ತೆಗೆಯುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಸೀಟು, ಬೋಲ್ಟು ಎರಡನ್ನೂ ಜೋಪಾನವಾಗಿಡಿ.

ಬೇಕಾಗುವ ಸಾಮಾನು

ಪ್ಲೈವುಡ್: 8×4 ಅಡಿಯ ಎರಡು ಹಾಳೆ, 12 ಮಿ.ಮೀ. ದಪ್ಪ. ಹಾಳೆಯ ಮೇಲೆ ‘ಐಎಸ್ 710’ ಎಂಬ ಮುದ್ರೆ ಇರಬೇಕು. ಅಂಗಡಿಯವರು ಇದನ್ನು ಮರೀನ್ ಪ್ಲೈ ಅಥವಾ ‘ಬಿಡಬ್ಲ್ಯುಪಿ’ ಎನ್ನುತ್ತಾರೆ. ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡದ ಅಂಟು ಹಾಕಿದ್ದು ಎಂದು ಅರ್ಥ. ‘ಎಂಆರ್’ ಎಂಬ ಅಗ್ಗದ ದರ್ಜೆ ಮನೆಯೊಳಗಿನ ಕಪಾಟಿಗೆ ಸರಿ, ನಮ್ಮ ಕೆಲಸಕ್ಕಲ್ಲ.

18 ಮಿ.ಮೀ. ಹಾಕಿಸಿದರೆ ಗಟ್ಟಿಯಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. 18 ಮಿ.ಮೀ.ನ ಒಂದು ಹಾಳೆ ಸುಮಾರು 35 ಕಿಲೋ ತೂಗುತ್ತದೆ, 12 ಮಿ.ಮೀ.ನದು ಸುಮಾರು 23. ಎರಡು ಹಾಳೆಗೆ 24 ಕಿಲೋ ವ್ಯತ್ಯಾಸ, ಅಂದರೆ ಒಂದು ಕ್ಯಾನಿಗಿಂತ ಹೆಚ್ಚು ಕುಡಿಯುವ ನೀರು. ಕೆಳಗೆ ಆಧಾರ ಹತ್ತಿರ ಹತ್ತಿರ ಕೊಟ್ಟರೆ 12 ಸಾಕು.

ಮನೆಯ ಅಟ್ಟದಲ್ಲಿ ಹಲಸಿನ ಹಲಗೆ ಇದೆ, ತೋಟದಲ್ಲಿ ಸಿಲ್ವರ್ ಓಕ್ ಇದೆ ಎನ್ನುವವರು ಮಲೆನಾಡಿನಲ್ಲಿ ಬಹಳ. ಹಲಸು ಭಾರ. ಸರಿಯಾಗಿ ಒಣಗದ ಸಿಲ್ವರ್ ಓಕ್ ಸೊಟ್ಟಗಾಗುತ್ತದೆ. ಅಡಿಕೆ ದಬ್ಬೆಯ ಪಟ್ಟಿ ಹೊಡೆದರೆ ಗಾಳಿಯಾಡುತ್ತದೆ, ದುಡ್ಡೂ ಉಳಿಯುತ್ತದೆ ಎಂಬ ಸಲಹೆ ಕೇಳಲು ಚೆಂದ. ಆದರೆ ಅದರ ಸಿಬಿರು ಬೆಡ್‌ಶೀಟು ದಾಟಿ ಬೆನ್ನಿಗೆ ಬರುತ್ತದೆ, ಹುಳು ಬಿದ್ದರೆ ಹಿಟ್ಟು ಉದುರುತ್ತದೆ. ದಬ್ಬೆ ಬೇಲಿಗಿರಲಿ.

ಉಳಿದದ್ದು: ಉದ್ದನೆಯ ಪಿಯಾನೊ ಬಿಜಾಗರಿ ಒಂದು, ಅಂದರೆ ಹಲಗೆಯ ಪೂರ್ತಿ ಅಗಲಕ್ಕೆ ಬರುವ ಪಟ್ಟಿ ಬಿಜಾಗರಿ. ಸ್ಟೀಲಿನದೇ ಬೇಕು, ತಗಡಿನದು ಒಂದೇ ಮಳೆಗೆ ತುಕ್ಕು. ಎಲ್ ಆಕಾರದ ಕಬ್ಬಿಣದ ಕ್ಲಾಂಪುಗಳು, ನೈಲಾಕ್ ನಟ್ಟುಗಳು, ಅಗಲದ ವಾಷರ್, ಮರದ ಅಂಟು, ಪ್ರೈಮರ್, ಪಿಯು (ಪಾಲಿಯುರೆಥೇನ್) ವಾರ್ನಿಷ್. ನೈಲಾಕ್ ಎಂದರೆ ಒಳಗೆ ನೈಲಾನ್ ಬಳೆಯಿರುವ ನಟ್ಟು, ಕುಲುಕಾಟಕ್ಕೆ ಸುಲಭವಾಗಿ ಸಡಿಲವಾಗುವುದಿಲ್ಲ. ಶಿವಮೊಗ್ಗದವರಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಬೋಲ್ಟು, ಕ್ಲಾಂಪು ಎರಡಕ್ಕೂ ಒಂದೇ ಓಡಾಟ ಸಾಕು.

1. ಅಳತೆ

ಮುಂದಿನ ಎರಡೂ ಸೀಟುಗಳನ್ನು ಪೂರ್ತಿ ಮುಂದಕ್ಕೆ ಸರಿಸಿ, ನಡುವಿನ ಸೀಟು ಮಡಿಚಿ, ಹಿಂಬಾಗಿಲು ಹಾಕಿ. ಬಾಗಿಲಿನ ಒಳಮೈಯಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಅಳೆಯಿರಿ. ಬಾಗಿಲು ತೆರೆದಿಟ್ಟು ಅಳೆದರೆ ಮೂರು ನಾಲ್ಕು ಸೆಂ.ಮೀ. ಸುಳ್ಳು ಲೆಕ್ಕ ಸಿಗುತ್ತದೆ. ಕಾಲು ಚಾಚಿ ಮಲಗಲು ನಿಮ್ಮ ಎತ್ತರಕ್ಕಿಂತ ಹತ್ತು ಸೆಂ.ಮೀ. ಹೆಚ್ಚು ಬೇಕು. ಮೂರು ಬಾಗಿಲಿನ ಥಾರ್, ಗೂರ್ಖಾದಂಥ ಗಿಡ್ಡ ಗಾಡಿಗಳಲ್ಲಿ ಇಬ್ಬರ ಆಸೆ ಬಿಡಿ. ಎಡಗಡೆಯ ಮುಂದಿನ ಸೀಟನ್ನು ಬಾಗಿಸಿಕೊಂಡು ಒಬ್ಬರಿಗೆ ಮಾಡಿದರೆ ಸುಖವಾಗಿ ನಿದ್ದೆ ಬರುತ್ತದೆ.

ಅಗಲವನ್ನು ಎರಡು ಕಡೆ ಅಳೆಯಬೇಕು: ಹಿಂಚಕ್ರದ ಮೇಲೆ ಒಳಕ್ಕೆ ಬಂದಿರುವ ಉಬ್ಬುಗಳ ನಡುವೆ ಒಂದು, ಆ ಉಬ್ಬಿನ ಮೇಲ್ಗಡೆ ಇನ್ನೊಂದು. ಹಲಗೆ ಉಬ್ಬಿಗಿಂತ ಮೇಲೆ ಬಂದರೆ ಅಗಲ ಸಿಗುತ್ತದೆ, ಆದರೆ ತಲೆ ಸೂರಿಗೆ ತಾಗುತ್ತದೆ.

ಎತ್ತರದ ಲೆಕ್ಕದಲ್ಲಿ ಹೆಚ್ಚಿನವರು ಸೋಲುತ್ತಾರೆ. ಸಾಮಾನಿಗೆ ಜಾಗ ಬೇಕು, ಜಾಗ ಬೇಕು ಎಂದು ಹಲಗೆ ಏರಿಸುತ್ತಲೇ ಹೋಗುತ್ತಾರೆ. ನೆಲದಿಂದ ಸೂರಿಗೆ 115 ಸೆಂ.ಮೀ. ಇದೆ ಎಂದುಕೊಳ್ಳಿ. ಹಲಗೆ 32, ಹಾಸಿಗೆ 6 ತಿಂದರೆ ಉಳಿಯುವುದು 77. ಸಾಧಾರಣ ಎತ್ತರದ ವ್ಯಕ್ತಿ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಲು 85ರಿಂದ 90 ಬೇಕು. ರಾತ್ರಿಯಿಡೀ ಸುರಿವ ಮಳೆಯಲ್ಲಿ, ಅಂಗಿ ಬದಲಿಸಲೂ ಬೆನ್ನು ಬಗ್ಗಿಸಬೇಕಾದ ಗಾಡಿಯಲ್ಲಿ ಎರಡನೆಯ ರಾತ್ರಿ ಯಾರೂ ಮಲಗುವುದಿಲ್ಲ. ಮೊದಲು ಕುಳಿತುಕೊಳ್ಳುವ ಎತ್ತರ ಕಳೆಯಿರಿ, ಉಳಿದದ್ದು ಸಾಮಾನಿಗೆ.

2. ರಟ್ಟಿನ ಮಾದರಿ

ಫ್ರಿಜ್ಜೋ ಟಿವಿಯೋ ಬಂದ ರಟ್ಟಿನ ಪೆಟ್ಟಿಗೆ ಸಾಕು. ಹಲಗೆಗಳ ಆಕಾರಕ್ಕೆ ಕತ್ತರಿಸಿ ಗಾಡಿಯೊಳಗೆ ನಿಲ್ಲಿಸಿ ನೋಡಿ. ಗಾಡಿಯ ಗೋಡೆ ಎಲ್ಲಿಯೂ ನೇರವಿರುವುದಿಲ್ಲ. ಸೀಟ್ ಬೆಲ್ಟಿನ ಗೂಡು, ಜ್ಯಾಕ್ ಇಡುವ ಕುಳಿ, ಬಾಗಿಲ ರಬ್ಬರು ಎಲ್ಲವೂ ರಟ್ಟಿಗೆ ಅಡ್ಡ ಬಂದೇ ಬರುತ್ತವೆ. ಅಲ್ಲಿಯೇ ಕೊರೆದು ಹೊಂದಿಸಿ. ಈ ರಟ್ಟನ್ನೇ ಊರಿನ ಆಚಾರಿಯವರ ಕೈಗೆ ಕೊಟ್ಟರೆ ಅವರಿಗೂ ವಿವರಿಸುವ ಕಷ್ಟ ತಪ್ಪುತ್ತದೆ. ಜ್ಯಾಕು, ಪಾನಾ ಇರುವ ಜಾಗವನ್ನು ಮುಚ್ಚಿಬಿಡಬೇಡಿ. ಹುಲಿಕಲ್ ಘಾಟಿಯ ನಡುವೆ ಟಯರ್ ಪಂಕ್ಚರ್ ಆದಾಗ ಹಾಸಿಗೆಯನ್ನು ರಸ್ತೆಗೆ ಎಳೆದು ಹಾಕಬೇಕಾಗುತ್ತದೆ.

3. ನೆಲಕ್ಕೆ ಹಿಡಿತ

ಹಲಗೆಯ ಚೌಕಟ್ಟು ಗಾಡಿಗೆ ಬಿಗಿಯಾಗಿ ಕೂರಲೇಬೇಕು. ಬ್ರೇಕ್ ಹಾಕಿದಾಗ ಐವತ್ತು ಅರವತ್ತು ಕಿಲೋ ಸಾಮಾನು ಮುಂದಿನ ಸೀಟಿನತ್ತ ನುಗ್ಗುತ್ತದೆ. ಆದರೆ ನೆಲಕ್ಕೆ ಹೊಸ ತೂತು ಕೊರೆಯಬಾರದು. ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರುಗಳು ಹಾದು ಹೋಗಿರುತ್ತವೆ. ಅವು ತಪ್ಪಿದರೂ ಆ ತೂತಿನ ಸುತ್ತ ಎರಡು ಮಳೆಗಾಲದಲ್ಲಿ ತುಕ್ಕು ಹರಡುತ್ತದೆ. ಶೀಟ್ ಮೆಟಲ್ ಸ್ಕ್ರೂ ಹೊಡೆದು ಮುಗಿಸುವ ಕೆಲಸಗಾರರಿದ್ದಾರೆ. ಅವರಿಗೆ ಡ್ರಿಲ್ ಮಷಿನ್ ಕೊಡಬೇಡಿ.

ಕಂಪನಿಯೇ ಕೊಟ್ಟಿರುವ ಹಿಡಿತಗಳು ಸಾಕಷ್ಟಿರುತ್ತವೆ: ಸಾಮಾನು ಕಟ್ಟುವ ಕೊಂಡಿಗಳು, ಹಿಂದಿನ ಸೀಟಿನ ಬೋಲ್ಟಿನ ತೂತುಗಳು. ಸೀಟಿನ ಒಂದು ಬೋಲ್ಟನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ದಪ್ಪ ಹೊಂದಿದರೆ ಸಾಲದು, ಮರೆಯ, ಅಂದರೆ ಬೋಲ್ಟಿನ ಸುತ್ತುಗೆರೆಗಳ, ಅಂತರವೂ ಹೊಂದಬೇಕು. ತಲೆಯ ಮೇಲೆ 8.8 ಎಂದು ಕೊರೆದಿರುವ ಬೋಲ್ಟನ್ನೇ ಕೇಳಿ. ಅದು ಗಟ್ಟಿತನದ ದರ್ಜೆ. ಸೀಟ್ ಬೆಲ್ಟ್ ಹಿಡಿದಿರುವ ಬೋಲ್ಟುಗಳನ್ನು ಮಾತ್ರ ಮುಟ್ಟಲೇಬೇಡಿ.

4. ಕತ್ತರಿಸುವುದು

ಚೌಕಟ್ಟಿಗೆ ಬೇಕಾಗುವುದು ಉದ್ದಕ್ಕೆ ನಿಲ್ಲುವ ಹಲಗೆಗಳು, ಅವುಗಳ ಮೇಲೆ ಮಲಗುವ ಹಲಗೆ. ನಿಲುವು ಹಲಗೆಗಳ ನಡುವಿನ ಅಂತರ 40 ಸೆಂ.ಮೀ. ಮೀರದಿದ್ದರೆ 12 ಮಿ.ಮೀ. ಪ್ಲೈವುಡ್ ಬಾಗುವುದಿಲ್ಲ. ಈ ಅಂತರವನ್ನು ಕೆಳಗೆ ಸಾಮಾನು ಇಡುವ ಕ್ರೇಟಿನ ಅಗಲಕ್ಕೆ ಹೊಂದಿಸಿ. ಅದರ ವಿವರ ಏಳನೇ ಹಂತದಲ್ಲಿದೆ.

ಮೇಲಿನ ಹಲಗೆಯನ್ನು ಎರಡು ಭಾಗ ಮಾಡಿ. ಹಿಂದಿನ ಭಾಗ ನಡುವಿನ ಸೀಟಿನ ಬೆನ್ನಿನವರೆಗೆ ಮಾತ್ರ ಇರಲಿ. ಅದು ವಾರದ ದಿನಗಳಲ್ಲಿಯೂ ಗಾಡಿಯಲ್ಲಿಯೇ ಇರಬಹುದು, ಸಂತೆಯ ಚೀಲಕ್ಕೂ ಒದಗುತ್ತದೆ. ಮುಂದಿನ ಭಾಗ ಬಿಜಾಗರಿಯಲ್ಲಿ ಮಡಿಚಿ ಅದರ ಮೇಲೆ ಮಲಗುತ್ತದೆ. ರಾತ್ರಿ ಸೀಟು ಮಡಿಚಿ, ಹಲಗೆ ಬಿಡಿಸಿ, ಎರಡು ಕಾಲು ಕೊಟ್ಟರಾಯಿತು. ಕಾಲುಗಳು ಮೆತ್ತಗಿನ ಸೀಟಿನ ಮೇಲೆ ನಿಲ್ಲದೆ ನೆಲಕ್ಕೇ ಮುಟ್ಟಬೇಕು, ಇಲ್ಲದಿದ್ದರೆ ಹೊರಳಿದಾಗಲೆಲ್ಲ ಹಲಗೆ ಕುಣಿಯುತ್ತದೆ.

ಮಲಗುವ ಹಲಗೆಗೆ ಒಂದು ರೂಪಾಯಿ ನಾಣ್ಯದಗಲದ ತೂತುಗಳನ್ನು ಗೇಣು ಗೇಣಿಗೆ ಒಂದರಂತೆ ಕೊರೆಸಿ. ಹಾಸಿಗೆಯಡಿ ಗಾಳಿಯಾಡಲು ಇದೇ ದಾರಿ. ಗೋಡೆಯ ಸುತ್ತ ಅರ್ಧ ಸೆಂ.ಮೀ. ಸಂದು ಬಿಡಿ. ಬೇಸಿಗೆಯಲ್ಲಿ ಕೂದಲೆಳೆಯಷ್ಟು ಸಂದಿಯಲ್ಲಿ ಸರಾಗವಾಗಿ ಕೂರುವ ಹಲಗೆ ಜುಲೈನಲ್ಲಿ ಉಬ್ಬಿ ಹೊರಬರುವುದೇ ಇಲ್ಲ.

5. ಅಂಚು ಮುಚ್ಚುವುದು

ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಕತ್ತರಿಸಿದ ಅಂಚಿನಿಂದ. ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ: ಒಂದರ ಮೇಲೊಂದು ಅಡ್ಡ-ಉದ್ದ ಪದರ, ಅಡ್ಡ ಪದರದಲ್ಲೆಲ್ಲ ಸೂಜಿಮೊನೆಯಂಥ ರಂಧ್ರ. ಒದ್ದೆ ಬೆರಳು ಒತ್ತಿದರೆ ಆ ಪದರಗಳಷ್ಟೇ ಕಪ್ಪಾಗಿ ಗೆರೆ ಮೂಡುತ್ತದೆ. ಆದ್ದರಿಂದ ಉಪ್ಪುಕಾಗದದಿಂದ ಅಂಚು ಉಜ್ಜಿ, ಪ್ರೈಮರ್ ಒಂದು ಕೈ, ವಾರ್ನಿಷ್ ಮೂರು ಕೈ ಬಳಿಯಬೇಕು. ತೂತುಗಳ ಒಳಮೈ, ಸ್ಕ್ರೂ ಕೂರುವ ಕುಳಿ ಕೂಡ ಅಂಚೇ. ಮುಖಕ್ಕೆ ಎರಡು ಕೈ ಸಾಕು, ಆದರೆ ಮೇಲೆ ಕೆಳಗೆ ಎರಡೂ ಕಡೆ. ಮೇಲ್ಮುಖಕ್ಕೆ ಮಾತ್ರ ಬಳಿದರೆ, ಅಥವಾ ಸನ್‌ಮೈಕಾವನ್ನು ಒಂದೇ ಬದಿಗೆ ಅಂಟಿಸಿದರೆ, ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಈ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಬಳಿದ ವಾರ್ನಿಷ್ ಬೆಳ್ಳಗೆ ಮಬ್ಬು ಹಿಡಿಯುತ್ತದೆ, ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಕಾರ್ಪೆಟ್ ಅಂಟಿಸುವ ಮಾತನ್ನು ನಾನು ಇಲ್ಲಿ ಎತ್ತುವುದೇ ಇಲ್ಲ.

6. ಜೋಡಣೆ

ಅಂಟು ಬೇಕಾಗುವುದು ನಿಲುವು ಹಲಗೆಗಳನ್ನು ಒಂದಕ್ಕೊಂದು ಹಿಡಿಸುವ ಅಡ್ಡಪಟ್ಟಿಗಳಿಗೆ ಮಾತ್ರ. ಮೇಲಿನ ಹಲಗೆಯನ್ನು ಬೋಲ್ಟ್-ನಟ್ಟಿನಲ್ಲಿ ಕೂರಿಸಿ, ಬಿಚ್ಚುವಂತಿರಲಿ. ಸ್ಕ್ರೂ ಹಾಕುವಲ್ಲೆಲ್ಲ ಮೊದಲು ಸಣ್ಣ ತೂತು ಕೊರೆಯದಿದ್ದರೆ 12 ಮಿ.ಮೀ. ಪ್ಲೈವುಡ್ಡಿನ ಅಂಚು ಸೀಳುತ್ತದೆ. ಮೂಲೆಮಟ್ಟ ಹಿಡಿದು ಚೌಕ ನೋಡಿದ ಮೇಲೆಯೇ ಪೂರ್ತಿ ಬಿಗಿ ಮಾಡಿ. ಕಬ್ಬಿಣದ ಕ್ಲಾಂಪು ಗಾಡಿಯ ಬಣ್ಣಕ್ಕೆ ತಾಗುವಲ್ಲಿ ಹಳೆಯ ಟ್ಯೂಬಿನ ರಬ್ಬರ್ ತುಂಡು ಕೊಡಿ. ತುಕ್ಕಿಗೂ ಕಿರುಗುಟ್ಟುವುದಕ್ಕೂ ಅದೇ ಮದ್ದು.

7. ಕೆಳಗಿನ ಸಾಮಾನು

ಡ್ರಾಯರ್ ಹಾಕಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಬಾಲ್ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಒಂದರೊಳಗೊಂದು ಜಾರುವ ಉಕ್ಕಿನ ಪಟ್ಟಿ, ಅಡುಗೆಮನೆಗೆ ಹೇಳಿ ಮಾಡಿಸಿದ್ದು. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ಕೆಸರು ಎರಡೂ ಸೇರಿದರೆ ಅದು ಅರ್ಧ ದಾರಿಗೆ ಕಚ್ಚಿಕೊಳ್ಳುತ್ತದೆ. ಡ್ರಾಯರ್ ಪೆಟ್ಟಿಗೆ ಚಾನೆಲ್ ಸೇರಿ ತೂಕವೂ ಏರುತ್ತದೆ.

ಟೊಮೆಟೊ ಕ್ರೇಟು ಇದಕ್ಕಿಂತ ಒಳ್ಳೆಯದು. ಮಂಡಿಯಲ್ಲಿ ಕಾಣುವ ಸಾಮಾನ್ಯ ಕ್ರೇಟು ಸುಮಾರು 54×36×29 ಸೆಂ.ಮೀ. ಇರುತ್ತದೆ. ಅದೇ ಅಗಲದ, ಕಡಿಮೆ ಎತ್ತರದವೂ ಸಿಗುತ್ತವೆ. ನಮಗೆ ಅವೇ ಬೇಕು. ಮೈತುಂಬ ತೂತಿರುವುದರಿಂದ ಗಾಳಿಯಾಡುತ್ತದೆ, ಕೆಸರಾದರೆ ಕೊಳಾಯಿ ಕೆಳಗೆ ಹಿಡಿದರಾಯಿತು, ಒಡೆದರೆ ಇನ್ನೊಂದು. ನಿಲುವು ಹಲಗೆಗಳ ಬುಡಕ್ಕೆ ಅಲ್ಯೂಮಿನಿಯಂ ಎಲ್ ಪಟ್ಟಿ ಹೊಡೆದರೆ ಅದರ ಮೇಲೆ ಕ್ರೇಟು ಜಾರುತ್ತದೆ. ಹಿಂಬಾಗಿಲ ಕಡೆ ಅಡ್ಡಕ್ಕೆ ಒಂದು ಬೆಲ್ಟ್ ಬಿಗಿಯಿರಿ, ಇಲ್ಲದಿದ್ದರೆ ಘಾಟಿ ಹತ್ತಿದ ಮೇಲೆ ಬಾಗಿಲು ತೆರೆದವರ ಕಾಲ ಮೇಲೆ ಕ್ರೇಟು ಬೀಳುತ್ತದೆ.

ನೀರು, ಹಗ್ಗ, ಉಪಕರಣಗಳಂಥ ಭಾರದ ವಸ್ತುಗಳು ಹಿಂಚಕ್ರದ ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿ ಇರಲಿ. ಬಟ್ಟೆ, ಹೊದಿಕೆ ಹಿಂದಕ್ಕೆ. ಗ್ಯಾಸ್ ಸಿಲಿಂಡರ್ ಚಿಕ್ಕದಾದರೂ ಮಲಗುವಾಗ ಹೊರಗಿರಬೇಕು. ಒದ್ದೆ ಗಮ್ ಬೂಟಿಗೆ ಬೇರೆಯೇ ಒಂದು ಪ್ಲಾಸ್ಟಿಕ್ ಟಬ್ ಇಡಿ. ಅದರೊಳಗೆ ಉಂಬಳ ಇದ್ದರೂ ಅಲ್ಲಿಯೇ ಇರುತ್ತದೆ, ಹೊದಿಕೆಯೊಳಗೆ ಬರುವುದಿಲ್ಲ.

8. ಹಾಸಿಗೆ

ಹತ್ತಿ ಹಾಸಿಗೆ, ನಾರಿನ ಹಾಸಿಗೆ ಎರಡೂ ತೇವ ಹೀರಿ ಭಾರವಾಗುತ್ತವೆ. 40 ಡೆನ್ಸಿಟಿಯ ಫೋಮ್, ಎರಡರಿಂದ ಎರಡೂವರೆ ಇಂಚು ದಪ್ಪ, ಸಾಕು. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಕಡಿಮೆಯಿದ್ದರೆ ಸೊಂಟ ಹಲಗೆಗೆ ತಾಗುತ್ತದೆ. ಮೂರು ತುಂಡು ಮಾಡಿಸಿ, ಪ್ರತಿಯೊಂದಕ್ಕೂ ಜಿಪ್ ಇರುವ ಹತ್ತಿಯ ಗವಸು ಹೊಲಿಸಿ. ರೆಕ್ಸಿನ್ ಗವಸು ಒರೆಸಲು ಸುಲಭ, ಆದರೆ ಬೆವರು ಅದರ ಮೇಲೆಯೇ ನಿಲ್ಲುತ್ತದೆ. ಫೋಮಿನ ಕೆಳಗೆ ಒಂದು ಚಾಪೆ ಹಾಕಿದರೆ ಬೆಳಗಿನ ಹೊತ್ತಿಗೆ ತಳ ಒದ್ದೆಯಾಗುವುದು ಬಹಳ ತಗ್ಗುತ್ತದೆ. ಗವಸನ್ನು ಬಚ್ಚಲ ಒಲೆಯ ಮೇಲೆ ಒಣಗಿಸಬಹುದು, ಹೊಗೆ ವಾಸನೆಗೆ ಮನೆಯವರ ಒಪ್ಪಿಗೆ ಇದ್ದರೆ.

9. ಗಾಳಿ ಮತ್ತು ಬಾಗಿಲು

ಇಬ್ಬರ ಉಸಿರಿನ ತೇವವೇ ರಾತ್ರಿಯಲ್ಲಿ ಗಾಜಿನ ಒಳಮೈಯಲ್ಲಿ ಹನಿಗಟ್ಟಿ ಇಳಿಯುತ್ತದೆ. ಎದುರು-ಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ತೆರೆದಿಡಿ. ಕಿಟಕಿಯ ಮೇಲೆ ಅಂಟಿಸುವ ಮಳೆ ತಡೆಯ ಪಟ್ಟಿ ಇದ್ದರೆ ಸಾಧಾರಣ ಮಳೆಗೆ ಒಳಗೆ ಹನಿ ಬೀಳದು. ಬಾಗಿಲ ಚೌಕಟ್ಟಿನ ಮೇಲಿಂದ ಟೋಪಿಯಂತೆ ಹಾಕುವ ಸೊಳ್ಳೆ ಬಲೆಯನ್ನು ಟೈಲರ್ ಹತ್ತಿರ ಹೊಲಿಸಬಹುದು. ಹಿಂಬದಿಯ ಪಕ್ಕದ ಗಾಜು ಬಹಳ ಗಾಡಿಗಳಲ್ಲಿ ತೆರೆಯುವುದಿಲ್ಲ. ಹಾಗಾಗಿ ತಲೆಯನ್ನು ಮುಂದಿನ ಸೀಟಿನ ಕಡೆಗಿಟ್ಟು ಮಲಗುವುದು ಮೇಲು.

ಎಸಿಗೆಂದು ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಚಳಿಗೆಂದು ಕೆಂಡದ ಬಾಣಲೆ ಒಳಗೆ ತರಬೇಡಿ. ಎರಡರಿಂದಲೂ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಹಗಲಲ್ಲೇ ಪರೀಕ್ಷಿಸಿ. ಹಿಂಬಾಗಿಲು ಒಳಗಿನಿಂದ ತೆರೆಯುತ್ತದೆಯೇ? ಪಕ್ಕದ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಎಂಬ ಪುಟ್ಟ ಕೀಲಿ ಹಾಕಿದ್ದರೆ ಆ ಬಾಗಿಲೂ ಒಳಗಿನಿಂದ ತೆರೆಯದು. ಮುಂದಿನ ಸೀಟುಗಳು ಮುಂದಕ್ಕೆ ಸರಿದಿರುವಾಗ ಅಲ್ಲಿಂದ ಹೊರಬೀಳುವುದೂ ಸಲೀಸಲ್ಲ. ಮಲಗುವ ಮುನ್ನ ಒಂದು ಬಾಗಿಲಾದರೂ ಕತ್ತಲೆಯಲ್ಲಿ ಕೈಗೆ ಸಿಗುವಂತಿರಬೇಕು.

10. ಓಡಿಸಿ ನೋಡುವುದು

ಸಾಮಾನು ತುಂಬಿಕೊಂಡು, ಹಳ್ಳಿಯ ಮಣ್ಣುರಸ್ತೆಯಲ್ಲಿ ಒಂದು ಗಂಟೆ ಓಡಿಸಿ. ಮನೆಗೆ ಬಂದು ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಹೊಸ ಹಲಗೆ ಕೂತುಕೊಂಡಾಗ ಸ್ವಲ್ಪ ಸಡಿಲ ಬರುವುದು ಸಹಜ. ಕಿರುಗುಟ್ಟುವಲ್ಲಿ ರಬ್ಬರ್ ತುಂಡು ಕೊಡಿ. ಗಾಡಿ ಓಡುವಾಗ ಯಾರೂ ಹಲಗೆಯ ಮೇಲೆ ಮಲಗಬಾರದು, ಮಕ್ಕಳಂತೂ ಕೂಡದು. ಅಲ್ಲಿ ಬೆಲ್ಟ್ ಇಲ್ಲ. ಮೊದಲ ರಾತ್ರಿಯನ್ನು ಮನೆಯಂಗಳದಲ್ಲೇ ಕಳೆಯಿರಿ. ಏನು ಮರೆತಿದ್ದೀರಿ ಎಂಬುದು ಅಲ್ಲೇ ಗೊತ್ತಾದರೆ ಅಗ್ಗ.

11. ಎಲ್ಲಿ ನಿಲ್ಲಿಸಬೇಕು

ಕಾಡಿನೊಳಗೆ ನಿಲ್ಲಿಸಿ ಮಲಗುವ ಕನಸು ಇದ್ದರೆ ಅದನ್ನು ಇಲ್ಲಿಗೇ ಬಿಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆಯ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ರಸ್ತೆ ಬದಿಯ ಹುಲ್ಲುಗಾವಲು ಬಯಲಿನಂತೆ ಕಂಡರೂ ಅರಣ್ಯವೇ ಆಗಿರಬಹುದು. ತೋಟದ ಮನೆಯವರನ್ನು ಕೇಳಿ ಅವರ ಅಂಗಳದಲ್ಲಿ ನಿಲ್ಲಿಸುವುದು ಮಲೆನಾಡಿನಲ್ಲಿ ಇನ್ನೂ ನಡೆಯುತ್ತದೆ, ಕತ್ತಲಾಗುವ ಮುನ್ನ ಹೋಗಿ ಕೇಳಿದರೆ. ಹೋಮ್‌ಸ್ಟೇಗಳಲ್ಲಿ ಊಟಕ್ಕೆ ದುಡ್ಡು ಕೊಟ್ಟು ಗಾಡಿಯಲ್ಲೇ ಮಲಗುತ್ತೇವೆ ಎಂದರೂ ಬಹಳ ಮಂದಿ ಒಪ್ಪುತ್ತಾರೆ. ಗಾಡಿಯನ್ನು ತೆಂಗಿನ ಮರದಡಿ, ಒಣಗಿದ ಕೊಂಬೆಯಡಿ ನಿಲ್ಲಿಸಬೇಡಿ. ಹಳ್ಳದ ದಂಡೆಯೂ ಬೇಡ, ಮೇಲೆ ಘಟ್ಟದಲ್ಲಿ ಸುರಿದ ಮಳೆ ಇಲ್ಲಿ ಹನಿ ಬೀಳದಿದ್ದರೂ ನೀರು ಏರಿಸುತ್ತದೆ. ನೆಲ ಇಳಿಜಾರಾಗಿದ್ದರೆ ತಲೆ ಎತ್ತರದ ಕಡೆ ಬರಲಿ.

ಡಿಸೆಂಬರಿನಿಂದ ಮೇ ತನಕ ಇನ್ನೊಂದು ಜಾಗ್ರತೆ ಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಈ ತಿಂಗಳುಗಳಲ್ಲಿಯೇ ಅದು ಹೆಚ್ಚು. ಹರಡುವುದು ಉಣುಗು, ಅಂದರೆ ದನದ ಮೈಯಲ್ಲಿ ಕಾಣುವ ಉಣ್ಣೆಯ ಜಾತಿಯ ಹುಳು. ಅದು ಇರುವುದು ತರಗೆಲೆಯಲ್ಲಿ. ಹಾಸಿಗೆ, ಚಾಪೆ, ಕ್ರೇಟುಗಳನ್ನು ಒಣಗಿಸುವ ನೆಪದಲ್ಲಿ ಕಾಡಂಚಿನ ನೆಲದ ಮೇಲೆ ಹರಡಬೇಡಿ. ಬಾನೆಟ್ ಮೇಲೆ ಹಾಕಿ. ಮಂಗ ಸತ್ತಿರುವ ಸುದ್ದಿ ಇರುವ ಊರಿನ ಕಾಡಂಚಿನಲ್ಲಿ ನಿಲ್ಲಿಸಲೇಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿನ ಬಳಿ ತಂಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

12. ಮಳೆಗಾಲಕ್ಕೆ ಮುನ್ನ

ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು, ಎಲ್ಲವನ್ನೂ ಬಿಚ್ಚಿ ಹೊರತೆಗೆಯಿರಿ. ಗಾಡಿಯ ನೆಲದ ಮ್ಯಾಟ್ ಎತ್ತಿ ಕೆಳಗೆ ತೇವ ಇದೆಯೇ ನೋಡಿ, ಇದ್ದರೆ ಬಾಗಿಲ ರಬ್ಬರಿನಲ್ಲಿ ಸೋರಿಕೆ ಹುಡುಕಿ. ಹಲಗೆಗಳ ಅಂಚಿನಲ್ಲಿ ವಾರ್ನಿಷ್ ಕಿತ್ತಿದ್ದಲ್ಲಿ ಮತ್ತೊಂದು ಕೈ ಬಳಿಯಿರಿ. ಹಲಗೆಗಳನ್ನು ಗೋಡೆಗೆ ಒರಗಿಸದೆ, ಇಟ್ಟಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ನಡುವೆ ರೀಪು ಕೊಟ್ಟು ಅಟ್ಟದಲ್ಲಿಡಿ. ಫೋಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಹಳೆಯ ಸೀರೆ ಸುತ್ತಿ. ಸೀಟಿನ ಬೋಲ್ಟುಗಳನ್ನು ಅವುಗಳ ತೂತಿಗೇ ಗ್ರೀಸ್ ಹಚ್ಚಿ ತಿರುಗಿಸಿಡಿ, ಅಕ್ಟೋಬರಿನಲ್ಲಿ ಹುಡುಕುವ ಕೆಲಸವಿರುವುದಿಲ್ಲ.